ಕಣ್ಣಿನ ಅಳತೆ

ಕೋಡಿಬಾಗದ ನನ್ನ ಝೆರಾಕ್ಸ್ ಅಂಗಡಿಗೆ
ಗಣಬಾ ಹರಿಕಂತ್ರ ಬಂದದ್ದು
ಬಲೆಯ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು.
ಉಪ್ಪುನೀರು ತೊಟ್ಟಿಕ್ಕುತ್ತಿತ್ತು
ಯಾರದೋ ಆಧಾರ್ ಪ್ರತಿಯ ಮೇಲೆ.

ಬಂದರಿನಲ್ಲಿ ಸಾಹೇಬರು ಹೇಳಿದರಂತೆ:
ಈ ಬಲೆಯ ಕಣ್ಣು ಸಣ್ಣದಾಯಿತು.
ಯಾವ ಲೆಕ್ಕದಲ್ಲಿ? ಸ್ಟ್ಯಾಂಡರ್ಡಿನ ಲೆಕ್ಕದಲ್ಲಿ.
ಒದ್ದೆ ಇದ್ದಾಗ ಅಳೆಯುವುದೋ ಒಣಗಿದ ಮೇಲೋ,
ಗಂಟು ಸೇರಿಸಿಯೋ ಬಿಟ್ಟೋ,
ಎಳೆದು ಹಿಡಿಯಬೇಕೋ, ಎಳೆದರೆ ಎಷ್ಟು ಜೋರಾಗಿ,
ಅದನ್ನು ಸಾಹೇಬರೂ ಓದಿಲ್ಲ.
ನಂಬರು ಮಾತ್ರ ಚೀಟಿಯಲ್ಲಿತ್ತು.

'ಅದೊಂದು ಪ್ರಿಂಟು ತೆಗೆದುಕೊಡು ಬಾಯೀ,
ಹತ್ತು ರೂಪಾಯಿ ಹೆಚ್ಚಾದರೂ ಅಡ್ಡಿಯಿಲ್ಲ.'

ಹೊದಿಕೆ ಕಂಡಿತು, ಒಳಗಿನದು ಇಲ್ಲ.
ಮುಂದೆ ಓದಲು ಲಾಗಿನ್ ಆಗಿ.
ಹೆಸರು: ಗಣಬಾ. ಇಮೇಲ್: ನನ್ನದೇ ಕೊಟ್ಟೆ.
ಸಂಸ್ಥೆ? ಪಕ್ಕದಲ್ಲಿ ಕೆಂಪು ಚುಕ್ಕೆ, ಬಿಡುವಂತಿಲ್ಲ.
ಅವನು ಹೊರಗೆ ನೋಡಿ ಯೋಚಿಸಿ ಅಂದ:
'ನಾನು, ತಮ್ಮ, ಮತ್ತೆ ಒಂದು ಯಮಹಾ ಎಂಜಿನ್.'
ಹಾಗೆಯೇ ಬರೆದೆ.
ಹುದ್ದೆ: ಹರಿದದ್ದನ್ನು ಹೆಣೆಯುವವ.

ಆಮೇಲೆ ಒಂಬತ್ತು ಚಿತ್ರ ಬಂದವು.
ನೀವು ಮನುಷ್ಯರೆಂದು ತೋರಿಸಿ,
ದೋಣಿ ಇರುವ ಚೌಕಗಳನ್ನೆಲ್ಲ ಒತ್ತಿ.
ಗಣಬಾ ಕುರ್ಚಿ ಹತ್ತಿರ ಎಳೆದುಕೊಂಡ. ಇದು ಅವನ ವಿಷಯ.
ಇದು ದೋಣಿಯಲ್ಲ, ಬಾರ್ಜು.
ಇದು ಹಡಗು, ಹಡಗನ್ನು ದೋಣಿ ಅಂದರೆ ನಗುತ್ತಾರೆ.
ಇದರ ತಳ ನೋಡು, ಒಂದು ಚಿಪ್ಪೂ ಅಂಟಿಲ್ಲ,
ಹೋಟೆಲಿನ ಮುಂದೆ ಚಂದಕ್ಕೆ ಇಟ್ಟದ್ದು.
ಒಂದೇ ಒಂದನ್ನು ಒತ್ತಿಸಿದ.
ತಪ್ಪು, ಮತ್ತೊಮ್ಮೆ ಪ್ರಯತ್ನಿಸಿ.
ಮೂರನೇ ಸಲ, ಸಮುದ್ರಕ್ಕೆ ಮೊಣಕಾಲ ತನಕವಷ್ಟೇ ಇಳಿದ ನಾನು
ತೇಲುವುದನ್ನೆಲ್ಲ ಒತ್ತಿದೆ.
ಮನುಷ್ಯರಾದೆವು.

ಪಾಸ್‌ವರ್ಡಿನ ಚೌಕದ ತುದಿಗೆ ಪುಟ್ಟದೊಂದು ಕಣ್ಣು,
ಅಡ್ಡಗೆರೆ ಎಳೆದದ್ದು.
ಅವನು ಅದನ್ನೇ ನೋಡುತ್ತ ಕೇಳಿದ,
'ಇದರ ಅಳತೆ ಎಷ್ಟು?'

ಸಂಜೆಗೆ ಉತ್ತರ ಬಂತು:
ಈ ದಾಖಲೆ ಸಮಿತಿಯ ಸದಸ್ಯರಿಗೆ ಮಾತ್ರ.
ಕರಡು ಇದ್ದಾಗ ಸಾರ್ವಜನಿಕರೆಲ್ಲ ಮುಕ್ತವಾಗಿ
ಆಕ್ಷೇಪಣೆ ಹೇಳಬಹುದಿತ್ತಂತೆ.
ಆ ತಾರೀಕು ಹೋದ ಆಷಾಢದಲ್ಲೇ ಮುಗಿದಿತ್ತು.

ಫೋನಿನಲ್ಲಿ ಓದಿ ಹೇಳಿದೆ. ಅವನು ಬೈಯಲಿಲ್ಲ.
'ಮರಿಮೀನು ತೂರಿ ಹೋಗಲಿ ಅಂತ ತಾನೇ ಇದೆಲ್ಲ?
ಒಳ್ಳೆಯದೇ.
ತೂತು ಎಷ್ಟು ದೊಡ್ಡದು ಅಂತ ಮರಿಗೂ ಹೇಳಬೇಕಲ್ಲ.'

ಈಗ ಬೈತಖೋಲಿನ ಹರಾಜು ಕಟ್ಟೆಯ ಕಂಬದಲ್ಲಿ
ಮೊಳೆಗೆ ದಾರ ಕಟ್ಟಿ ಒಂದು ಬಿದಿರ ಪಟ್ಟಿ ತೂಗುತ್ತದೆ.
ಅದರಲ್ಲೊಂದು ಗೀರು. ಕಂಬದ ಮೇಲೆ ಸುಣ್ಣದಲ್ಲಿ:
ಒದ್ದೆ ಬಲೆ. ಗಂಟು ಬಿಟ್ಟು. ಬರಿಗೈಯಲ್ಲಿ ಎಳೆದು.
ಮಾರನೆ ದಿನವೇ ಯಾರೋ ಕೂದಲೆಳೆಯಷ್ಟು ಆಚೆ
ಇನ್ನೊಂದು ಗೀರು ಕೊರೆದಿದ್ದರು.
ಯಾರ ಚೂರಿಯೆಂದು ಗಣಬಾನಿಗೆ ಗೊತ್ತು, ಮಾಜಾಳಿಯ ದುಮಿಂಗ.
ಅವನ ಗೀರು ಯಾವತ್ತೂ ಎಡಕ್ಕೆ ವಾಲುತ್ತದೆ.
ಹೋಗಿ ಜಗಳವಾಡಿದ, ಎರಡು ಚಹಾ ಮುಗಿಯುವ ತನಕ.

ಮರಳುವಾಗ ಅಂಗಡಿಯ ಮೆಟ್ಟಿಲಲ್ಲಿ ನಿಂತು ಹೇಳಿದ:
ದುಮಿಂಗನ ಮಾತಲ್ಲಿ ಅರ್ಥ ಇದೆ,
ಹೊಸ ಬಲೆ ನೆನೆದರೆ ಗಂಟು ಬಿಗಿಯುತ್ತದೆ.
ನನ್ನ ಗೀರನ್ನು ಕೆರೆದು ಹಾಕಲಿಲ್ಲ. ಎರಡೂ ಇರಲಿ,
ಮೊದಲು ಏನಂದುಕೊಂಡಿದ್ದೆವು ಅಂತ ಗೊತ್ತಾಗಬೇಕಲ್ಲ.

ನನ್ನ ಇಮೇಲಿಗೆ ಇನ್ನೂ ಬರುತ್ತಿದೆ, ತಿಂಗಳಿಗೊಂದು:
ಪ್ರಿಯ ಗಣಬಾ,
ನಿಮ್ಮ ಪಾಸ್‌ವರ್ಡಿನ ಅವಧಿ ಮುಗಿಯುತ್ತಿದೆ.