ಎರಡು ನೂಲು

ಔಲಿಯ ಹಿಮದಲ್ಲಿ ಬಿದ್ದದ್ದು ಫೆಬ್ರವರಿಯಲ್ಲಿ.
ಮಾಜಾಳಿಯ ಮರಳಲ್ಲಿ ನಿಂತದ್ದು ಮೇ ತಿಂಗಳು,
ಎಡ ಮಂಡಿಗೆ ಕಪ್ಪು ಪಟ್ಟಿ ಬಿಗಿದು,
ಪಾಂಡೋಬಾ ಮೇಸ್ತರ ದೋಣಿ ಚಪ್ಪರದ ಕೆಳಗೆ.

ಅಲ್ಲಿಯ ಮಾಸ್ತರು ಕೂಗುತ್ತಿದ್ದರು:
ಮುಂದಕ್ಕೆ ವಾಲು, ಇಳಿಜಾರಿಗೆ ಹೆದರಿ ಹಿಂದೆ ಕೂತರೆ
ಸ್ಕೀ ನಿನ್ನ ಮಾತು ಕೇಳುವುದಿಲ್ಲ.
ವಾಲಿದೆ. ಎಡ ತಿರುವು ಬೆಣ್ಣೆ.
ಬಲಕ್ಕೆ ತಿರುಗುವಾಗ ಮಾತ್ರ
ಭಾರವೆಲ್ಲ ಎಡಗಾಲಿಗೆ ಬಂದು
ಮಂಡಿ ಒಳಕ್ಕೆ ಕುಸಿಯುತ್ತಿತ್ತು,
ಯಾರೋ ಪಕ್ಕದ ಕೋಣೆಯಿಂದ ಕರೆದ ಹಾಗೆ.
ಧೈರ್ಯ ಸಾಲದು, ಅಂದರು. ನಂಬಿದೆ.
ಹತ್ತೊಂಬತ್ತರ ಹುಡುಗಿ
ಮೂಳೆಗಿಂತ ಮೊದಲು ತನ್ನನ್ನೇ ಅನುಮಾನಿಸುತ್ತಾಳೆ.

ಮೇಸ್ತರಿಗೆ ಹಿಮ ಗೊತ್ತಿಲ್ಲ. ಐಸು ಗೊತ್ತು,
ಬೈತಖೋಲದಲ್ಲಿ ಬಂಗುಡೆಯ ಮೇಲೆ ಸುರಿಯುವ ಪುಡಿ.
"ಅದ್ರ ಮೇಲೆ ಜಾರೂಕೆ ಸರಕಾರ ದುಡ್ಡು ಕೊಡ್ತದಾ?"
ಎನ್‌ಸಿಸಿ, ಅಂದೆ.
"ಹಾಂ" ಎಂದು ಬೀಡಿ ಆರಿಸಿದರು.

ಆಮೇಲೆ ಏನನ್ನಿಸಿತೋ,
"ಚಪ್ಪಲಿ ಬಿಚ್ಚು ತಂಗೀ. ಫೋಟೋಕ್ಕೆ ನಿಂತ ಹಾಗಲ್ಲ,
ಬಸ್ಸಿಗೆ ಕಾಯೋ ಹಾಗೆ ನಿಲ್ಲು."
ದೋಣಿಯ ಬೆನ್ನುಮರ ಇಡುವಾಗ ಹಿಡಿಯುವ ತೂಗುಗುಂಡನ್ನು
ಮಂಡಿಚಿಪ್ಪಿನ ನಡುವಿಂದ ಇಳಿಬಿಟ್ಟರು.
ಗಾಳಿ ನಿಲ್ಲಲಿ ಎಂದು ಕಾದೆವು.
ಬೇಗ ನಿಲ್ಲಲಿಲ್ಲ. ಒಂದು ನಾಯಿ ಬಂದು ಮೂಸಿ ಹೋಯಿತು.
ಬಲಗಾಲಿಗೆ ಗುಂಡು ಎರಡನೇ ಬೆರಳ ಮೇಲೆ ನಿಂತಿತು.
ಎಡಗಾಲಿಗೆ ಹೆಬ್ಬೆರಳನ್ನೂ ದಾಟಿ
ಮರಳಲ್ಲಿ ಒಂದು ಚುಕ್ಕೆ ಕೊರೆಯಿತು.
ನೋಡಲು ಬಗ್ಗಿದೆ. ಬಗ್ಗಿದ್ದಕ್ಕೆ ಬೈಸಿಕೊಂಡೆ.

ಸಾಗವಾನಿಯ ಚೂರಿಂದ ಚಕ್ಕೆ ಎಬ್ಬಿಸಿ,
ಒಂದಂಚು ಎರಡು ನೂಲು, ಇನ್ನೊಂದಂಚು ಕಾಗದ,
ಪಾದದ ಒಳಮಗ್ಗುಲಿಗೆ ಸರಿಸಿದರು.
ಮಂಡಿ ತಾನಾಗಿ ಹೊರಳಿತು,
ನಿದ್ದೆಯಲ್ಲಿ ಮಗು ಹೊರಳುವ ಹಾಗೆ.

ಇಷ್ಟು ವರ್ಷ ಈ ಎರಡು ನೂಲಿನ ಸಾಲವನ್ನು
ಸೊಂಟ ತೀರಿಸಿತ್ತು, ಬೆನ್ನು ತೀರಿಸಿತ್ತು,
ಶಾಲೆಯ ಗ್ರೂಪ್ ಫೋಟೋದಲ್ಲಿ ಇಳಿದ ಭುಜ ತೀರಿಸಿತ್ತು,
ನೆಟ್ಟಗೆ ನಿಲ್ಲೇ ಎಂದು ಆಯಿಯ ಕೈಲಿ ತಿಂದ ಏಟು.
"ಹೊರೆ ತಪ್ಪಿದ ದೋಣಿಗೆ
ಹುಟ್ಟು ಹಾಕುವವನ ಬೈದು ಫಲ ಇಲ್ಲ" ಅಂದರು.
ಅದು ನನಗೋ, ಮಾಸ್ತರಿಗೋ, ಕೇಳಲಿಲ್ಲ.

ಕಾರವಾರದ ಡಾಕ್ಟರು ಚಕ್ಕೆ ತಿರುಗಿಸಿ ನೋಡಿ
ಇದು ಯಾರು ಕೊಟ್ಟದ್ದು ಅಂದರು.
ದೋಣಿ ಮಾಡುವವರು, ಅಂದೆ.
ನಗಲಿಲ್ಲ. ಡ್ರಾಯರಿನಿಂದ ಸ್ಕೇಲು ತೆಗೆದರು.
ಆದರೆ ಹಿಮದ ಮಾತು ದೀಪಾವಳಿ ಆದಮೇಲೆ,
ಅದೂ ತೊಡೆಗೆ ಬಲ ಬಂದರೆ.

ಅಲ್ಲಿಯ ತನಕ ಸಂಜೆ ಕಾಳಿಯ ಅಳಿವೆಯಲ್ಲಿ
ಮೇಸ್ತರ ಸಣ್ಣ ದೋಣಿಯ ಮೇಲೆ ನಿಲ್ಲುತ್ತೇನೆ.
ಮಂಡಿ ಸಡಿಲು, ಕಣ್ಣು ದೂರ ಕೂರ್ಮಗಡದ ಮೇಲೆ;
ನೀರು ನೋಡಿದವರು ನೀರಿಗೇ ಹೋಗುತ್ತಾರಂತೆ.
ಮೂರು ಸಲ ಹೋದೆ. ಚಕ್ಕೆ ಉಪ್ಪು ಕುಡಿದು ಉಬ್ಬಿ
ಇನ್ನೊಂದು ಕೆತ್ತಬೇಕಾಯಿತು.

ನಿನ್ನೆ ಅಲೆಯೊಂದು ಅಡ್ಡ ಬಂದಾಗ
ಬಲಕ್ಕೆ ತಿರುಗಿದೆ, ಭಾರವೆಲ್ಲ ಎಡಗಾಲಿಗೆ ಕೊಟ್ಟು.
ಏನೂ ಆಗಲಿಲ್ಲ.
ಮೇಸ್ತರು ಬಲೆಯ ಗಂಟು ಬಿಡಿಸುತ್ತಿದ್ದರು, ನೋಡಲಿಲ್ಲ.
ಏನೂ ಆಗದ ಆ ಸದ್ದು
ದಂಡೆ ಮುಟ್ಟುವ ತನಕ ಕೇಳಿಸಿತು.