ಎಡಕ್ಕೆ

ರಾತ್ರಿ ಹನ್ನೊಂದಕ್ಕೆ ಮಾಲಿನ ಶಟರ್ ಇಳಿದ ಮೇಲೆ
ಗಾಜು ಒರೆಸುವುದು ನನ್ನ ಕೆಲಸ.
ಹೊರಗಿನಿಂದ ಮಕ್ಕಳ ಅಂಗೈ, ಮೂಗು, ಐಸ್‌ಕ್ರೀಮಿನ ತುಟಿ;
ಒಳಗಿನಿಂದ, ವಾರಕ್ಕೆರಡು ಸಲ ಸಿಲಿಂಡರ್ ಕಟ್ಟಿ ಇಳಿದು,
ಪಾಚಿ.
ಗಾಜಲ್ಲ, ಅಕ್ರಿಲಿಕ್, ಎಂದು ತಿದ್ದುತ್ತಾನೆ ಸೂಪರ್‌ವೈಸರ್ ಪೆಡ್ಣೇಕರ್,
ಒಡೆಯುವುದಿಲ್ಲ, ಹೆದರಬೇಡ.
ಯಾರಿಗೆ ಹೇಳುತ್ತಾನೋ.

ಹದಿಮೂರು ಅಡಿಯ ಹುಲಿತಾಟೆ.
ಬೋರ್ಡಿನಲ್ಲಿ ಹೆಸರು ಮಹಾರಾಣಿ, ಟಿಕೆಟ್ಟು ಒಂಬೈನೂರು.
ಮರಿಯಾಗಿದ್ದಾಗ ಮೈತುಂಬ ಪಟ್ಟೆ ಇದ್ದವಂತೆ,
ಬೆಳೆದಂತೆ ಮಾಸುತ್ತವೆ, ಅದು ಸಹಜ, ಎನ್ನುತ್ತದೆ ಬೋರ್ಡು.
ಇರಬಹುದು. ಯಾವುದು ಸಹಜ ಅಂತ
ಇಲ್ಲಿ ಬೋರ್ಡೇ ಹೇಳಬೇಕು.

ಅವಳು ತಿರುಗುವುದು ಎಡಕ್ಕೆ.
ನಾಲ್ಕು ವರ್ಷದಿಂದ ಎಡಕ್ಕೆ.
ಹನ್ನೆರಡು ಸಲ ಬಾಲ ಬೀಸಿದರೆ ಗೋಡೆ, ಮತ್ತೆ ಎಡಕ್ಕೆ.
ಗೋಡೆಗೆ ತಾಗಿ ತಾಗಿ ಬಲ ರೆಕ್ಕೆಯ ತುದಿ
ಹಳೇ ಚಪ್ಪಲಿಯ ಅಂಚಿನ ಹಾಗೆ ಸವೆದಿದೆ.
ರಿಜಿಸ್ಟರಿನಲ್ಲಿ ಬರೆದೆ.
ಡಾಕ್ಟರು ಬಂದರು, ಫೋಟೋ ತೆಗೆದರು,
ಆ ಬದಿಯ ದೀಪ ಕಡಿಮೆ ಮಾಡಿಸಿದರು.

ನನ್ನಪ್ಪ ಕಾಂತಪ್ಪ ತಿಂಗಳಾಯ
ಸಸೂನ್ ಡಾಕಿನಲ್ಲಿ ಇಪ್ಪತ್ತೆಂಟು ವರ್ಷ ಬೋಟು ಹತ್ತಿದವ.
ತಾಟೆ ಸಿಕ್ಕಿತೆಂದರೆ ಬೋಟಿಗೇ ಬೋನಸ್ಸು:
ರೆಕ್ಕೆ ಸೇಠನಿಗೆ, ಈಲಿ ಎಣ್ಣೆಗೆ,
ಮಾಂಸ ಜಾನಾಬಾಯಿಯ ಬುಟ್ಟಿಗೆ. ಮುಷಿ ಘ್ಯಾ, ತಾಜಿ ಮುಷಿ!
ಬಾಣಂತಿ ಅಮ್ಮನಿಗೆ ನಮ್ಮ ಖೋಲಿಯಲ್ಲಿ
ಕಾಳುಮೆಣಸು ಅರೆದು ಮರಿತಾಟೆಯ ಸಾರು,
ಎದೆಹಾಲು ಬರಲೆಂದು.
ಆ ಹಾಲು ಕುಡಿದವ ನಾನು.
ದಯೆಯ ಮಾತು ನನ್ನ ಬಾಯಲ್ಲಿ
ಅದಕ್ಕೇ ಸ್ವಲ್ಪ ತೊದಲುತ್ತದೆ.

ಭಾನುವಾರ ಗೇಟಿನ ಹೊರಗೆ ಕಾಲೇಜಿನ ಹುಡುಗಿಯರು
ಫಲಕ ಹಿಡಿದು ನಿಂತಿದ್ದರು: ಕಡಲಿಗೆ ಬಿಡಿ.
ಕಡಲಿಗಾ? ಅಲ್ಲಿ ಇವನ ಅಪ್ಪ ಕಾಯುತ್ತಿದ್ದಾನೆ!
ಪೆಡ್ಣೇಕರ್ ನಕ್ಕ, ನಾನೂ ನಕ್ಕೆ.
ಆ ರಾತ್ರಿ ಊಟ ಸೇರಲಿಲ್ಲ.

ಇನ್ನೊಂದೂ ಇದೆ, ಹೇಳದಿದ್ದರೆ ಮೋಸ.
ಗೋವಂಡಿಯ ಮುನ್ಸಿಪಲ್ ಶಾಲೆಯಿಂದ ಬಂದ ಒಂದು ಹುಡುಗಿ,
ಮುಂಬೈಯಲ್ಲೇ ಹುಟ್ಟಿ ಕಡಲು ಕಾಣದವಳು,
ತಲೆಯ ಮೇಲೆ ಆ ಬಿಳಿ ಹೊಟ್ಟೆ ಹಾದುಹೋದಾಗ
ಬಾಯಿ ತೆರೆದವಳು ಮುಚ್ಚಲಿಲ್ಲ.
ಟೀಚರು ಕರೆದರು, ಸಾಲು ಹೊರಟುಹೋಯಿತು,
ಅವಳು ಅಲ್ಲೇ.
ತಕ್ಕಡಿಯ ಈ ತಟ್ಟೆಯಲ್ಲಿ
ಅವಳನ್ನೂ ಕೂರಿಸಿದ್ದೇನೆ. ಮುಳ್ಳು ನಿಲ್ಲುತ್ತಿಲ್ಲ.

ಅಪ್ಪನನ್ನು ಒಮ್ಮೆ ಸ್ಟಾಫ್ ಪಾಸಿನಲ್ಲಿ ಕರೆತಂದೆ.
ಸೊಂಟ ನೋವು, ಆದರೂ ಕುರ್ಚಿ ಬೇಡವೆಂದ.
ಒಂದು ಸುತ್ತು ನೋಡಿದ. ಹತ್ತು ನೋಡಿದ.
ಸಾಯುವಷ್ಟು ಹೊತ್ತಿಗಿಂತ ಹೆಚ್ಚು
ಯಾವ ತಾಟೆಯನ್ನೂ ಅವನು ನೋಡಿದ್ದಿಲ್ಲ.
ತಿನ್ನಲು ಏನು ಕೊಡ್ತೀರಿ?
ಬಂಗುಡೆ. ತೂಕ ಮಾಡಿ.
ಹೂಂ.
ಮತ್ತೆ ಬಹಳ ಹೊತ್ತಿನ ಮೇಲೆ, ಲಿಫ್ಟಿನಲ್ಲಿ:
ನಾವು ಕೊಂದೆವು, ಇಲ್ಲ ಅನ್ನುವುದಿಲ್ಲ.
ಅದು ಒಂದು ಬೆಳಗಿನ ಕೆಲಸ.
ನೀವು ದಿನಾ ಮಾಡುತ್ತೀರಲ್ಲ, ಮಾರಾಯ.

ನಿನ್ನೆ ರಾತ್ರಿ ಇಳಿದೆ.
ಬ್ರಷ್ಷು ಎಂದಿನಂತೆ ಮೇಲಿಂದ ಕೆಳಕ್ಕೆ.
ಅವಳ ರೆಕ್ಕೆ ತಾಗುವ ಎತ್ತರಕ್ಕೆ ಬಂದಾಗ ಕೈ ನಿಂತಿತು.
ಅಲ್ಲಿ ಪಾಚಿ ಮೆತ್ತಗಿತ್ತು,
ಒದ್ದೆ ಕಂಬಳಿಯ ಹಾಗೆ.
ಬಿಟ್ಟೆ. ಗೋಡೆಯುದ್ದಕ್ಕೂ ಒಂದು ಗೇಣು ಪಟ್ಟಿ.
ಅವಳು ಬಂದಳು, ಉಜ್ಜಿಕೊಂಡು ಹೋದಳು, ಎಡಕ್ಕೆ.
ಗೊತ್ತಾಯಿತೋ ಇಲ್ಲವೋ. ನನ್ನ ಕಡೆ ನೋಡಲಿಲ್ಲ.

ಬೆಳಿಗ್ಗೆ ಮೆಮೊ ಬಂದಿದೆ:
ಗಾಜು ಸ್ವಚ್ಛವಿಲ್ಲ, ಕಾರಣ ತಿಳಿಸಿ.
ಕೆಳಗೆ ನಾಲ್ಕು ಖಾಲಿ ಗೆರೆ.