ಕೆಳಗಿನ ಥರ

ವಿಕ್ರೋಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಏನೂ ಆಗಲಿಲ್ಲ.
ಇಳಿಯುವಾಗಲೇ ತೊಡೆ ಕಿರುಚಿದ್ದು.
ಕಂಬಿ ಹಿಡಿದು, ಮುಖ ಹಿಂದೆ ಮಾಡಿ,
ಬಾವಿಗಿಳಿಯುವವಳ ಹಾಗೆ ಒಂದೊಂದೇ ಮೆಟ್ಟಿಲು.
ಎಂಟು ಐದರ ಲೋಕಲ್ಲು ನನ್ನ ಬೆನ್ನ ಹಿಂದೆಯೇ ಹೊರಟುಹೋಯಿತು.
ಯಾರೋ ಹುಡುಗ ಕೇಳಿದ: ಆಂಟಿ, ಏನಾದರೂ ಬಿತ್ತೇ?

ಬೀಳಲಿಲ್ಲ ಕಣಪ್ಪ.
ನಿನ್ನೆ ರಾತ್ರಿ ಪಾರ್ಕ್‌ಸೈಟ್ ಮೈದಾನದಲ್ಲಿ
ಐದು ಮಾಳಿಗೆ ಹೆಣ್ಣುಮಕ್ಕಳು ನನ್ನ ಹೆಗಲೇರಿ ನಿಂತರು,
ಒಬ್ಬಳೂ ಬೀಳಲಿಲ್ಲ.

ಇವರ ಮಾತಿನಲ್ಲಿ ಥರ ಅಂದರೆ ಮಾಳಿಗೆ.
ಮೈಮೇಲೆ ಮೈ ನಿಲ್ಲಿಸಿ ಕಟ್ಟಿದ್ದು,
ಗೋಕುಲಾಷ್ಟಮಿಯ ಮೊಸರ ಗಡಿಗೆ ಕೈಗೆ ಸಿಗುವ ತನಕ ಮಾತ್ರ ಬಾಳುವಂಥದ್ದು.
ನಲಾವಡೆ ಸರ್ ಸೀಟಿ ಊದಿ “ಖಾಲಚಾ ಥರ!” ಎಂದಾಗೆಲ್ಲ
ಇಪ್ಪತ್ತೆಂಟು ವರ್ಷದ ಮೇಲೂ ನನ್ನೊಳಗಿನ ಕನ್ನಡ ಕೇಳುತ್ತದೆ,
ಯಾವ ಥರ?

ನನ್ನ ನಡಿಗೆ ನೋಡಿಯೇ ಛೇಡಾ ಮೆಡಿಕಲ್ಸಿನ ಮುದುಕ
ಗಾಜಿನ ಮೇಲೆ ಸಾಲು ಹಚ್ಚಿದ.
ಕಿತ್ತಳೆ ಬಣ್ಣದ ಸಿ, ಚೀಪುವುದು.
ಬಿ-ಕಾಂಪ್ಲೆಕ್ಸ್, ಉಚ್ಚೆ ಹಳದಿಯಾಗುವುದಂತೂ ಗ್ಯಾರಂಟಿ.
ಡಿ ವಾರಕ್ಕೊಂದು, “ಆಫೀಸಿನವರು ನೀವು, ಬಿಸಿಲು ಕಂಡು ಎಷ್ಟು ದಿನ?”
ಇ ಅಂತೂ ಹಸಿರು ಗಾಜಿನ ಗೋಲಿ, ಆಡಿಬಿಡೋಣ ಅನ್ನಿಸುವ ಹಾಗೆ.
ದೊಡ್ಡ ಡಬ್ಬಿಯ ಮೇಲಿನ ಗಂಡಸಿಗೆ ತಲೆಯೇ ಇರಲಿಲ್ಲ,
ಎದೆ ಮಾತ್ರ.
ಅದನ್ನು ಬಿಟ್ಟು ಉಳಿದದ್ದಕ್ಕೆ ನಾನೂರ ಎಂಬತ್ತು ಎಣಿಸಿದೆ.

ಅವ್ವ ಲೆಕ್ಕಿ ಸೊಪ್ಪು ಕುದಿಸಿಟ್ಟಿದ್ದಳು,
ಘಾಟು ಇಡೀ ಚಾಳಿಗೆ.
“ಗುಳಿಗಿ ನುಂಗಿದ್ರ ಮೈಗೆ ಬುದ್ಧಿ ಬರ್ತೈತೇನ?” ಅಂದಳು,
ಸೂಜಿಯಿಂದ ಕಣ್ಣು ಎತ್ತದೆ.

ವಿಚಿತ್ರ, ಫಿಸಿಯೋ ಹುಡುಗಿ ತನಿಷ್ಕಾಳೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಳು.
ಸ್ನಾಯು ಸಣ್ಣಸಣ್ಣಗೆ ಹರಿಯುತ್ತದೆ ದೀದಿ,
ಆಮೇಲೆ ತಾನೇ ಹೊಲಿದುಕೊಳ್ಳುತ್ತದೆ.
ಸಿ ಅತಿಯಾದರೆ ಆ ಪಾಠಕ್ಕೇ ಅಡ್ಡಿ ಅನ್ನುವವರಿದ್ದಾರೆ,
ಏನೂ ಆಗದು ಅನ್ನುವವರೂ ಇದ್ದಾರೆ.
ನನ್ನನ್ನು ಕೇಳಿದರೆ, ಮೊಟ್ಟೆ ತಿನ್ನಿ, ನಿದ್ದೆ ಮಾಡಿ.

ನಿದ್ದೆ! ನಾಲ್ಕೂವರೆಗೆ ನಲ್ಲಿ ನೀರು.

ಅವ್ವ ಹೊಲಿಯುತ್ತಿದ್ದುದು ಕೌದಿ.
ಹರಿದು ಜಾಳಾದದ್ದನ್ನೆಲ್ಲ ಅಡಿಗೆ ಹಾಸುತ್ತಾಳೆ,
ಬಣ್ಣದ್ದು, ಹೂವಿನದ್ದು ಮೇಲೆ.
ಭಾರ ಬರುವುದು, ಬೆಚ್ಚಗಾಗುವುದು
ಎಲ್ಲ ಆ ಕಾಣದ ಪದರಿನಿಂದ.
ಇದನ್ನು ನಾನು ಅವಳಿಗೆ ಹೇಳಲಿಲ್ಲ,
ನಕ್ಕಾಳು.

ಒಂಬತ್ತರಲ್ಲಿ ನಾನು ತುದಿಯವಳು.
ಹನ್ನೆರಡಕ್ಕೆ ಒಂದು ಇಳಿದೆ, ಹದಿನೈದಕ್ಕೆ ಇನ್ನೊಂದು,
ಮದುವೆಯ ವರ್ಷ ಮತ್ತೊಂದು, ಮಗು ಹುಟ್ಟಿದ ಮೇಲೆ ನೆಲ.
ಇಳಿ ಎಂದು ಯಾರೂ ಹೇಳಲಿಲ್ಲ,
ತಕ್ಕಡಿ ಹೇಳಿತು.
ತುದಿಯಿಂದ ಕಂಡದ್ದು ನೆನಪಿದೆ: ತಗಡಿನ ಮೇಲೆ ಒಣಗುವ ಹಪ್ಪಳ,
ಮೂರನೇ ಮಹಡಿಯಲ್ಲಿ ಅರ್ಧ ಗಡ್ಡ ಬೋಳಿಸಿ ನಿಂತ ಒಬ್ಬ.
ಅಡಿಯಲ್ಲಿ ತಲೆ ತಗ್ಗಿಸಿಯೇ ನಿಲ್ಲಬೇಕು.
ಕಾಣುವುದು ಮುಂದಿನವಳ ಕತ್ತು, ಅದರ ಮೇಲೊಂದು ಮಚ್ಚೆ,
ಮೂಗಿಗೆ ಬಾಮಿನ ವಾಸನೆ.
ಮೇಲೆ ಏನಾಯಿತೆಂದು ತಿಳಿಯುವುದು
ಹೆಗಲಿನ ನಡುಕದಿಂದ.

ಹಂಡೆಯಿಂದ ಹಬೆ. ತಂಬಿಗೆ ಎತ್ತಿದರೆ
ಎಡಭುಜದ ಮೇಲೆ ನೇರಳೆಗಟ್ಟಿದ ಹಿಮ್ಮಡಿ,
ಈ ಸಲದ ತುದಿಯವಳು, ಹದಿನಾಲ್ಕರ ಸ್ವರಾಲಿಯದು.
ಬಿಸಿನೀರು ಬಿದ್ದಾಗ ಅದು ಉರಿಯಿತು,
ಉರಿಯಲಿ ಎಂದು ಇನ್ನೊಂದು ತಂಬಿಗೆ ಹೊಯ್ದೆ.

ರಾತ್ರಿ ಮೈದಾನಕ್ಕೆ ಸಿ ಡಬ್ಬಿ ಒಯ್ದೆ.
ಮಕ್ಕಳು ಪೆಪ್ಪರಮೆಂಟು ಎಂದು ಮುತ್ತಿದರು.
ತಲೆಗೆ ಒಂದೇ, ಎಂದು ಗದರಿಸಿ ಹಂಚಿದೆ.
ಸ್ವರಾಲಿಯ ನಾಲಿಗೆ ಕಿತ್ತಳೆಯಾಗಿತ್ತು.
ನನ್ನ ತೊಡೆ, ಆಮೇಲೆ ಅದೇ ಭುಜ,
ಆಮೇಲೆ ಅವಳು ನನಗೆ ಕಾಣದಲ್ಲಿಗೆ.

ಇಳಿದು ಬಂದ ಮೇಲೆ ಕೇಳಿದೆ,
ತುದಿಯಿಂದ ಏನು ಕಾಣುತ್ತದೆ ಈಗ?
“ಕಾಕೂ, ನಿಮ್ಮ ಬೈತಲೆಯಲ್ಲಿ
ಎಷ್ಟೊಂದು ಬಿಳಿ ಕೂದಲು!”